ರಾತ್ರಿ ಕೆಲಸಕ್ಕೊಂದು ಕೀಬೋರ್ಡ್

ಜೂನ್ 3, ಮಂಗಳವಾರ. ಮೈಸೂರು

ಎಫ್ ಕೀ ಇವತ್ತು ಪೂರ್ತಿ ಕೈಕೊಟ್ಟಿತು. ಕೆಲವು ದಿನಗಳಿಂದ ಮೆಲ್ಲಗೆ ಒತ್ತಿದರೆ ಅಕ್ಷರ ಬೀಳುತ್ತಿರಲಿಲ್ಲ, ಜೋರಾಗಿ ಒತ್ತಿದರೆ ಎರಡೆರಡು ಬೀಳುತ್ತಿತ್ತು.

ಇಂಗ್ಲಿಷ್ ಹೊಡೆಯುವವರು ಎಫ್ ಇಲ್ಲದೆ ಒಂದೆರಡು ಸಾಲು ದಾಟಿಯಾರು. ನುಡಿ ತಂತ್ರಾಂಶದಲ್ಲಿ ಕನ್ನಡ ಹೊಡೆಯುವ ನಮಗೆ ಅದಿಲ್ಲದೆ ಅರ್ಧ ಸಾಲೂ ಆಗದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಒತ್ತಕ್ಷರವೆಲ್ಲ ಎಫ್ ಮೂಲಕವೇ ಬರಬೇಕು. 'ಕನ್ನಡ' ಅನ್ನಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಈಗ ಕೈಯಲ್ಲಿರುವುದು ವಚನಗಳ ಮೇಲಿನ ಪ್ರಬಂಧದ ಹಸ್ತಪ್ರತಿ. 'ತತ್ತ್ವ' ಎಂಬ ಒಂದೇ ಪದಕ್ಕೆ ಎರಡು ಸಲ ಎಫ್, ಆ ಪದವೋ ಪುಟಪುಟಕ್ಕೂ ಇದೆ. ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೂ ಶಿಫ್ಟ್. ಎಡಗೈಯ ತೋರುಬೆರಳು, ಕಿರುಬೆರಳು ಎರಡಕ್ಕೂ ಬಿಡುವೇ ಇಲ್ಲ.

ಸ್ಕ್ರೂ ತೆಗೆದು ಬಿಚ್ಚಿ ನೋಡಿದೆ. ಕೀಗಳ ಕೆಳಗೆ ಉಬ್ಬುಬ್ಬಾದ ರಬ್ಬರ್ ಹಾಳೆ, ಅದರಡಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೂರು ಪದರ, ಪದರದ ಮೇಲೆ ಅಚ್ಚಾದ ಬೆಳ್ಳಿ ಬಣ್ಣದ ಗೆರೆಗಳು. ಎಫ್ ಇರುವ ಕಡೆ ಗೆರೆ ಸವೆದು ಮಾಸಿದೆ. ಅಷ್ಟನ್ನೇ ಕಿತ್ತು ಬದಲಾಯಿಸುವ ಹಾಗಿಲ್ಲ, ಇಡೀ ಹಾಳೆಯೇ ಒಂದು. ಒಂದು ಕೀ ಹೋಯಿತೆಂದು ಚೆನ್ನಾಗಿರುವ ನೂರು ಕೀಗಳನ್ನೂ ಎಸೆಯಬೇಕು. ನನಗೆ ಇದು ಸರಿಬರುವುದಿಲ್ಲ.

ಜೂನ್ 8, ಭಾನುವಾರ

ಕೆಲಸ ನಿಲ್ಲಬಾರದೆಂದು ಡಿಟಿಪಿ ಅಂಗಡಿಯಿಂದ ಟಿವಿಎಸ್ ಗೋಲ್ಡ್ ತಂದುಕೊಂಡಿದ್ದೇನೆ. ಬ್ಯಾಂಕಿನ ಕೌಂಟರಿನಲ್ಲೂ ಸರ್ಕಾರಿ ಕಚೇರಿಗಳಲ್ಲೂ ಟಕಟಕ ಕೇಳುತ್ತದಲ್ಲ, ಅದೇ. ಒಳಗೆ ಚೆರಿ ಕಂಪನಿಯ ನೀಲಿ ಸ್ವಿಚ್ಚು. ಎಷ್ಟು ಹೊಡೆದರೂ ಜಗ್ಗದು. ಅದರ ಮೇಲೆ ನನಗೆ ಗೌರವವಿದೆ.

ಆದರೆ ಮಂಡಿ ಆಪರೇಷನ್ ಆದಾಗಿನಿಂದ ಅಮ್ಮ ಮಲಗುವುದು ಹಾಲಿನಲ್ಲೇ, ನನ್ನ ಮೇಜಿರುವುದೂ ಅಲ್ಲೇ. ರಾತ್ರಿ ಹನ್ನೊಂದರ ಹೊತ್ತಿಗೆ, "ಇನ್ನೂ ಎಷ್ಟು ಪುಟ ಇದೆಯೇ?" ಅಂದರು. ಸದ್ದಿನ ಮಾತೇ ಎತ್ತಲಿಲ್ಲ. ನಾನು ಕಂಪ್ಯೂಟರ್ ಆರಿಸಿದೆ.

ಜೂನ್ 10, ಮಂಗಳವಾರ

ಸದ್ದು ಎಲ್ಲಿಂದ ಹುಟ್ಟುತ್ತದೆ ಎಂದು ಓದುತ್ತಾ ಕೂತೆ. ನಾವು ಒಂದೇ ಅಂದುಕೊಳ್ಳುವ 'ಟಕ್' ನಿಜಕ್ಕೂ ಎರಡು. ಕೀ ಇಳಿದು ತಳಕ್ಕೆ ತಟ್ಟಿದಾಗ ಒಂದು. ಬೆರಳು ಬಿಟ್ಟ ಮೇಲೆ ಸ್ಪ್ರಿಂಗು ಅದನ್ನು ಮೇಲಕ್ಕೆ ತಳ್ಳಿ, ಸ್ವಿಚ್ಚಿನ ಮುಚ್ಚಳಕ್ಕೆ ಬಡಿಸಿದಾಗ ಇನ್ನೊಂದು. ನೀಲಿಯಲ್ಲಿ ಮೂರನೆಯದೂ ಇದೆ. ಒಳಗೆ ಸಡಿಲವಾಗಿ ಕೂತ ಪುಟ್ಟ ತುಂಡೊಂದು ಜಾರಿ 'ಕ್ಲಿಕ್' ಅನ್ನುತ್ತದೆ. ಅಕ್ಷರ ಬಿತ್ತೆಂದು ಕಿವಿಗೂ ಗೊತ್ತಾಗಲಿ ಎಂದು ಬೇಕೆಂದೇ ಇಟ್ಟದ್ದು. ಹಾಗಾಗಿ ಎಷ್ಟು ಹಗುರವಾಗಿ ಹೊಡೆದರೂ, ಕೀಯ ಅಡಿಗೆ ರಬ್ಬರ್ ರಿಂಗ್ ಹಾಕಿದರೂ ಅದು ಹೋಗುವುದಿಲ್ಲ.

ಕೆಂಪು ಸ್ವಿಚ್ಚು ಅಡೆತಡೆಯಿಲ್ಲದೆ ಸೀದಾ ಇಳಿಯುತ್ತದೆ. ಕಂದು ಬಣ್ಣದ್ದು ನಡುವೆ ಸಣ್ಣ ಉಬ್ಬೊಂದನ್ನು ದಾಟುತ್ತದೆ, ಕ್ಲಿಕ್ ಇಲ್ಲ. ಸೈಲೆಂಟ್ ರೆಡ್ ಎಂಬುದರಲ್ಲಿ ಚಲಿಸುವ ಕಡ್ಡಿಗೇ ಮೆತ್ತನೆಯ ರಬ್ಬರ್ ಕೂರಿಸಿರುತ್ತಾರೆ, ಇಳಿಯುವಾಗಿನ ಪೆಟ್ಟಿಗೂ ಏರುವಾಗಿನ ಪೆಟ್ಟಿಗೂ. ನನಗೆ ಬೇಕಾದ್ದು ಅದು, ಇಲ್ಲವೇ ಅದೇ ಬಗೆಯ ಬೇರೆ ಕಂಪನಿಯದು.

ಬಾಳಿಕೆಯ ಲೆಕ್ಕವನ್ನೂ ಹಾಕಿದೆ. ರಬ್ಬರ್ ಹಾಳೆಯ ಕೀಬೋರ್ಡಿಗೆ ಸಾಮಾನ್ಯವಾಗಿ ಕೀಗೆ 50 ಲಕ್ಷದಿಂದ 1 ಕೋಟಿ ಒತ್ತು ಎಂದು ಹೇಳುತ್ತಾರೆ, ಚೆರಿ ಸೈಲೆಂಟ್ ರೆಡ್‌ಗೆ 5 ಕೋಟಿ. ದಿನಕ್ಕೆ ಎರಡು ಸಾವಿರ ಸಲ ಎಫ್ ಒತ್ತಿದರೂ ವರ್ಷಕ್ಕೆ ಏಳು ಲಕ್ಷ ದಾಟುತ್ತದೆ. ಈ ಲೆಕ್ಕದಲ್ಲಿ ಅಗ್ಗದ್ದೂ ಆರೇಳು ವರ್ಷ ಬರಬೇಕಿತ್ತು. ಬರುವುದಿಲ್ಲ. ಬೆರಳಿನ ಬೆವರು, ಧೂಳು, ಮಳೆಗಾಲದ ತೇವ ಆ ಲೆಕ್ಕದಲ್ಲಿ ಸೇರಿಲ್ಲ. ಕೋಟಿಗಳ ಸಂಖ್ಯೆಗಿಂತ ನಾನು ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಕೀ ಕೆಟ್ಟ ದಿನ ಏನು ಮಾಡಬಹುದು?

ಜೂನ್ 14, ಶನಿವಾರ. ಬೆಂಗಳೂರು

ಬೆಳಗಿನ ರೈಲಿಗೆ ಬಂದು ಎಸ್. ಪಿ. ರೋಡ್ ಸುತ್ತಿದೆ. ಆ ಗದ್ದಲದಲ್ಲಿ ಯಾವ ಕೀಬೋರ್ಡೂ ಸದ್ದಿಲ್ಲದ್ದೇ. ಮೊದಲ ಕೆಲವು ಅಂಗಡಿಗಳಲ್ಲಿ ಬಣ್ಣಬಣ್ಣದ ದೀಪ ಮಿನುಗುವವನ್ನೇ ಮುಂದಿಟ್ಟರು. ನಾನು ಅಕ್ಷರ ನೋಡಿಕೊಂಡು ಹೊಡೆಯುವವಳಲ್ಲ, ದೀಪ ಯಾಕೆ?

ಒಳಗಲ್ಲಿಯ ಒಂದು ಅಂಗಡಿಯ ಹುಡುಗ ಮಾತ್ರ ಕಸುಬು ಬಲ್ಲವನು. "ಹಾಟ್‌ಸ್ವಾಪ್ ತಗೊಳ್ಳಿ ಮೇಡಂ, ಬೆಸುಗೆ ಬೇಕಿಲ್ಲ" ಎಂದು ಪುಟ್ಟ ಚಿಮಟ ಹಿಡಿದು ಒಂದು ಸ್ವಿಚ್ಚನ್ನು ಕಿತ್ತು, ಇನ್ನೊಂದನ್ನು ಒತ್ತಿ ಕೂರಿಸಿ ತೋರಿಸಿದ. ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿ, "ಈಗ ಹೊಡೆದು ನೋಡಿ" ಅಂದ. ಕಂದು, ಕೆಂಪು, ಸೈಲೆಂಟ್ ಮೂರರ ಮೇಲೂ ಒಂದೇ ಸಾಲನ್ನು ಹೊಡೆದೆ. ಕೆಂಪಿನಲ್ಲಿ ಕ್ಲಿಕ್ ಇಲ್ಲದಿದ್ದರೂ ತಳದ ಪೆಟ್ಟು ಜೋರು. ಸೈಲೆಂಟಿನದು ಒಂದು ಮೆತ್ತನೆಯ 'ದಬ್' ಅಷ್ಟೇ. ಬೆರಳಿಗೆ ಕೊಂಚ ಮಂದ ಅನ್ನಿಸುತ್ತದೆ. ಆ ಸ್ಪಷ್ಟತೆಯನ್ನು ಬಿಟ್ಟುಕೊಡಲು ನಾನು ಸಿದ್ಧ.

ಕೀಗಳ ಪ್ಲಾಸ್ಟಿಕ್ ಪಿಬಿಟಿಯೇ ಎಂದು ಕೇಳಿ ಖಚಿತಪಡಿಸಿಕೊಂಡೆ. ಎಬಿಎಸ್ ಆದರೆ ದಿನ ಕಳೆದಂತೆ ಬೆರಳು ತಾಗಿದಲ್ಲಿ ಎಣ್ಣೆ ಸವರಿದಂತೆ ಹೊಳಪು ಬಂದು ಜಾರುತ್ತದೆ. ತಂತಿಯದನ್ನೇ ಕೊಂಡೆ, ಬ್ಯಾಟರಿಯ ಚಿಂತೆ ಬೇಡ. ಬಿಡಿ ಸ್ವಿಚ್ಚುಗಳನ್ನೂ ಒಂದಿಷ್ಟು ಕಟ್ಟಿಸಿಕೊಂಡೆ. ಹಳೆಯ ಥರದವು ಏಳೆಂಟು ಬರುತ್ತಿದ್ದ ದುಡ್ಡು ಆಯಿತು. ಅನ್ನ ಕೊಡುವ ಸಾಧನಕ್ಕೆ ಇದು ಹೆಚ್ಚಲ್ಲ.

ಜೂನ್ 20, ಶುಕ್ರವಾರ

ಅಕ್ಷರದ ಕೀಗಳೆಲ್ಲ ಶಾಂತ, ಸ್ಪೇಸ್‌ಬಾರ್ ಒಂದೇ ಗಲಗಲ. ಉದ್ದದ ಕೀ ಓರೆಯಾಗದಂತೆ ಅದರಡಿ ತಂತಿಯೊಂದಿರುತ್ತದೆ, ಅದು ಹಿಡಿಕೆಯಲ್ಲಿ ಅಲುಗಾಡುತ್ತಿತ್ತು. ಕೀ ಎತ್ತಿ, ತಂತಿಯ ಎರಡೂ ತುದಿಗೆ ಸಿಲಿಕೋನ್ ಗ್ರೀಸ್ ಸವರಿದೆ. ಶಿಫ್ಟ್, ಎಂಟರ್‌ಗಳಿಗೂ ಅದೇ ಉಪಚಾರ. ಕೆಳಗೆ ಹಳೇ ಟವೆಲ್ ಮಡಚಿ ಹಾಸಿದೆ. ಮರದ ಮೇಜು ಸದ್ದನ್ನು ಹಿಗ್ಗಿಸುತ್ತಿತ್ತು, ಈಗ ಅದೂ ಇಲ್ಲ.

ಉಳಿದದ್ದು ಕೈಯ ಪಾಠ. ಈ ಸ್ವಿಚ್ಚು ಸುಮಾರು 2 ಮಿಲಿಮೀಟರ್ ಇಳಿಯುತ್ತಲೇ ಅಕ್ಷರ ಬೀಳುತ್ತದೆ, ತಳ ಮುಟ್ಟಬೇಕೆಂದಿಲ್ಲ. ರಬ್ಬರ್ ಹಾಳೆಯ ಮೇಲೆ ತಳದವರೆಗೂ ಅದುಮಿ ಅಭ್ಯಾಸವಾದ ಬೆರಳುಗಳಿಗೆ ಇದು ಹೊಸತು. ಪುಟ ಸಾಗಿದಂತೆ ಬೆರಳು ಹಗುರಾಗುತ್ತಿದೆ, ಸಂಜೆಗೆ ಮಣಿಕಟ್ಟಿನ ನೋವೂ ಇಳಿದಿದೆ.

ಅಮ್ಮ ನಿನ್ನೆ ಬೆಳಗ್ಗೆ ಕೇಳಿದರು, "ರಾತ್ರಿ ಬೇಗ ಮಲಗಿದೆಯಾ?" ನಾನು ಮೇಜು ಬಿಟ್ಟು ಎದ್ದಾಗ ಒಂದೂವರೆ ಗಂಟೆ.

ಜೂನ್ 27, ಶುಕ್ರವಾರ

ಗೋಲ್ಡ್ ವಾಪಸ್ ಕೊಟ್ಟೆ. ಹಗಲಿನ ಅಂಗಡಿಗೆ ಅದೇ ಸರಿ ಎಂದು ಮಾಲೀಕರಿಗೂ ಹೇಳಿದೆ. ಅಲ್ಲಿ ಕೆಲಸ ಮಾಡುವ ಜೊತೆಗಾತಿಗೆ ಮನೆಯಲ್ಲಿ ಎಳೆಮಗು, ಅವಳಿಗೂ ಸದ್ದಿಲ್ಲದ್ದು ಬೇಕು. ಅವಳು ಹೊಡೆಯುವುದು ಇನ್‌ಸ್ಕ್ರಿಪ್ಟ್‌ನಲ್ಲಿ, ಒತ್ತಕ್ಷರಕ್ಕೆ ಎಫ್ ಅಲ್ಲ, ಡಿ. ನನ್ನ ಕೀಬೋರ್ಡಿನ ಮೇಲೆ ಕೈಯಾಡಿಸಿ, ಉಬ್ಬು ಸಿಗದಿದ್ದರೆ ತನಗೆ ವೇಗ ಬರದು ಅಂದಳು. ಉಬ್ಬೂ ಇದ್ದು ಸದ್ದೂ ಅಡಗಿಸಿದ ಸ್ವಿಚ್ಚುಗಳು ಇವೆ, ಸೈಲೆಂಟ್ ಟ್ಯಾಕ್ಟೈಲ್ ಎಂದು ಕೇಳಬೇಕು. ಒಳಗಲ್ಲಿಯ ಆ ಅಂಗಡಿಯ ದಾರಿ ಬರೆದುಕೊಟ್ಟಿದ್ದೇನೆ. ಬಿಡಿ ಸ್ವಿಚ್ಚು ಮರೆಯದೆ ತರಲು ಹೇಳಬೇಕು, ನಾಳೆ ಫೋನ್ ಮಾಡುತ್ತೇನೆ.