ಪಾದ್ರಿಯ ಮಗನೂ ಬಳ್ಳಿಗಾವೆಯ ಕಲ್ಲುಗಳೂ

ಬಿ.ಎಚ್. ರೋಡಿನ ಮೇಲಿರುವ ಈ ಎರಡು ಊರುಗಳಿಗೆ ಚರಿತ್ರೆಯ ವಿಷಯದಲ್ಲಿ ಒಂದೊಂದು ಹಟ. ಶಿವಮೊಗ್ಗದವರನ್ನು ಕೇಳಿದರೆ ಕಾಲ ಶುರುವಾಗುವುದು ಶಿವಪ್ಪನಾಯಕನಿಂದ. ಭದ್ರಾವತಿಯವರನ್ನು ಕೇಳಿದರೆ 1918ರಿಂದ, ಅಂದರೆ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾದಾಗಿನಿಂದ. ಹಳೇ ಊರಿನ ಲಕ್ಷ್ಮೀನರಸಿಂಹಸ್ವಾಮಿ ಹೊಯ್ಸಳರ ಕಾಲದಿಂದಲೂ ಅಲ್ಲೇ ಇದ್ದಾನೆ. ಆದರೂ ಕುಲುಮೆಗೆ ಸಿಕ್ಕಿದ ಮರ್ಯಾದೆ ಅವನ ಮೂರು ಗರ್ಭಗುಡಿಗಳಿಗೆ ಸಿಕ್ಕಿಲ್ಲ. ಇದನ್ನು ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಇನ್ನೊಂದು. ಈ ಜಿಲ್ಲೆಯ ಕದಂಬರು, ಗಂಗರು, ಸಾಂತರರು ಎಂದು ವೇದಿಕೆಯ ಮೇಲೆ ಎದೆಯುಬ್ಬಿಸಿ ಮಾತಾಡುವವರು, ಆ ಸಂಗತಿಗಳನ್ನೆಲ್ಲ ಕಲ್ಲಿನಿಂದ ಕಾಗದಕ್ಕಿಳಿಸಿದ ಬಿ.ಎಲ್. ರೈಸರ ಹೆಸರು ಬಂದೊಡನೆ ಎರಡರಲ್ಲೊಂದು ಮಾತು ಹೇಳಿ ಮುಗಿಸುತ್ತಾರೆ. ಒಂದು, ಅವರು ಸರ್ಕಾರದ ಸಂಬಳ ತಿಂದ ದೊರೆ. ಇನ್ನೊಂದು, ಎಷ್ಟಾದರೂ ಪಾದ್ರಿಯ ಮಗ. ಎರಡೂ ನಿಜವೇ. ಎರಡನೆಯದನ್ನು ಆಕ್ಷೇಪಣೆಯಂತೆ ಹೇಳುತ್ತಾರಲ್ಲ, ನನ್ನ ತಕರಾರು ಅದಕ್ಕೆ. ಪಾದ್ರಿಯ ಮನೆಯಲ್ಲಿ ಬೆಳೆದದ್ದರಿಂದಲೇ ಆತ ಶಿವಮೊಗ್ಗದ ಕಲ್ಲುಗಳನ್ನು ಹಾಗೆ ಓದಿದರು ಎಂಬುದು ನನ್ನ ವಾದ.

ಮೊದಲು ಆ ಮನೆ ಎಂಥದೆಂದು ನೋಡಬೇಕು. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನವರು. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರ ಹೆಸರಿನದೇ. ಸುಮಾರು ಐವತ್ತು ವರ್ಷ ಅವರು ಇಲ್ಲೇ ಶಾಲೆ, ಪ್ರಾರ್ಥನೆ, ಕನ್ನಡ ಬೈಬಲ್ಲಿನ ಪರಿಷ್ಕರಣೆ ಎಂದು ತೇಯ್ದರು. ಒಬ್ಬ ಮಗ ಎಡ್ವರ್ಡ್ ತಾವೂ ಮಿಷನರಿಯಾಗಿ, ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ನಮ್ಮ ಲೂಯಿಸ್ ರೈಸರು ಮಿಷನ್ ಸೇರದೆ ಮೇಷ್ಟರಾದರು, 1865ರಲ್ಲಿ ಶಾಲೆಗಳ ಇನ್ಸ್‌ಪೆಕ್ಟರಾದರು, ಕಡೆಗೆ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ಊರೂರು ಸುತ್ತುವ ಕೆಲಸ. ನೋಡಬೇಕಾದ್ದು ಹುಡುಗರ ಮಗ್ಗಿ ಮತ್ತು ಹಾಜರಿ ಪುಸ್ತಕ, ಕಣ್ಣು ಹೋದದ್ದು ಗುಡಿಯ ಅಂಗಳದ ಕಲ್ಲಿನ ಮೇಲೆ. ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳು ಕೈಗೆ ಸಿಕ್ಕ ಮೇಲಂತೂ ಗೀಳು ಹಿಡಿದೇ ಹೋಯಿತು. ಅವುಗಳಲ್ಲಿ ಶಿಕಾರಿಪುರ ಸೀಮೆಯ ಬಳ್ಳಿಗಾವೆಯ ಕಲ್ಲುಗಳದೇ ದೊಡ್ಡ ಪಾಲು. ಅವನ್ನು ಓದಿ, ಅನುವಾದಿಸಿ 1879ರಲ್ಲಿ ಪುಸ್ತಕ ಮಾಡಿದಾಗ ಪುರಾತತ್ವ ಇಲಾಖೆಯೆಂಬುದು ಅವರ ಕೈಯಲ್ಲಿ ಇರಲೇ ಇಲ್ಲ. ಬೈಬಲ್ಲಿನ ಒಂದು ವಾಕ್ಯಕ್ಕೆ ಸರಿಯಾದ ಕನ್ನಡ ಯಾವುದೆಂದು ದಿನಗಟ್ಟಲೆ ಚರ್ಚೆ ನಡೆಯುತ್ತಿದ್ದ ಕಾಲದಲ್ಲಿ ಬೆಳೆದ ಹುಡುಗನಿಗೆ, ಸವೆದ ಅಕ್ಷರದ ಮುಂದೆ ಗಂಟೆಗಟ್ಟಲೆ ಕೂರುವುದು ಶಿಕ್ಷೆ ಅನ್ನಿಸಿರಲಾರದು.

ಪಾದ್ರಿಯ ಮಗನಾದ್ದರಿಂದ ಅನ್ಯಧರ್ಮದ ಸಂಗತಿಯನ್ನು ತಿರುಚಿರಬೇಕು ಎಂಬ ಅನುಮಾನಕ್ಕೆ ಉತ್ತರ ರೈಸರೇ ಹೊರತಂದ ಶಾಸನಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲೇ ಇದೆ. ಹನ್ನೆರಡು ಸಂಪುಟಗಳ ಆ ಮಾಲೆಯಲ್ಲಿ ಏಳನೆಯದೂ (1902) ಎಂಟನೆಯದೂ (1904) ಶಿವಮೊಗ್ಗ ಜಿಲ್ಲೆಗೆ ಮೀಸಲು. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವನ್ನೇ ತೆಗೆದುಕೊಳ್ಳಿ. ಮಠ ಕಾಳಾಮುಖ ಶೈವರದು. ಅಲ್ಲಿ ವೇದ, ದರ್ಶನ, ಪುರಾಣಗಳ ಪಾಠ ನಡೆಯುತ್ತಿತ್ತು; ಪಾಣಿನಿಯ ಜೊತೆಗೆ ಜೈನನಾದ ಶಾಕಟಾಯನನ ವ್ಯಾಕರಣವನ್ನೂ ಹೇಳಿಕೊಡುತ್ತಿದ್ದರು; ಕುಂಟರು, ಕುರುಡರು, ಕಿವುಡರೆನ್ನದೆ ಬಂದವರಿಗೆ ಅನ್ನ, ರೋಗಿಗಳಿಗೆ ಔಷಧಿ. ನಿಮ್ಮಲ್ಲಿ ಶಾಲೆಯಿಲ್ಲ, ಆಸ್ಪತ್ರೆಯಿಲ್ಲ, ನಾವು ಬಂದು ತೆರೆದೆವು ಎಂಬುದೇ ಆ ಕಾಲದ ಮಿಷನ್ನುಗಳ ಮುಖ್ಯ ಮಾತಾಗಿತ್ತು. ಏಳು ಶತಮಾನ ಮೊದಲೇ ಶಿಕಾರಿಪುರದ ಸೀಮೆಯಲ್ಲಿ ಶಾಲೆಯೂ ಔಷಧಿಯೂ ಒಂದೇ ಅಂಗಳದಲ್ಲಿದ್ದವು ಎಂದು ಹೇಳುವ ಕಲ್ಲು ಆ ಮಾತಿನ ಬುಡಕ್ಕೇ ಕೊಡಲಿ ಹಾಕುತ್ತದೆ. ರೈಸರು ಅದನ್ನು ಮುಚ್ಚಿಡಲಿಲ್ಲ, ಮೊಟಕು ಮಾಡಲಿಲ್ಲ. ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ, ಮತ್ತೆ ಕನ್ನಡ ಲಿಪಿಯಲ್ಲಿ, ಹೀಗೆ ಮೂರು ಸಲ ಅಚ್ಚು ಹಾಕಿಸಿದರು. ಆ ಕನ್ನಡ ಪಾಠ ದೊಡ್ಡ ಸಂಗತಿ. ದೊರೆಯ ಓದು ತಪ್ಪೋ ಸರಿಯೋ ಎಂದು ಊರಿನ ಶಾನುಭೋಗನೂ ಕಲ್ಲಿನ ಪಕ್ಕ ಪುಸ್ತಕ ಹಿಡಿದು ತಾಳೆ ನೋಡಬಹುದಿತ್ತು. ಮೋಸ ಮಾಡಬೇಕೆಂದಿರುವವನು ತನ್ನ ಲೆಕ್ಕವನ್ನು ಹೀಗೆ ಎದುರಿಗೆ ಹರವುವುದಿಲ್ಲ.

ಇನ್ನು ಸಂಬಳದ ಮಾತು. ಸರ್ಕಾರಕ್ಕೆ ಇನಾಂ ಜಮೀನಿನ ದಾಖಲೆ ಬೇಕಿತ್ತು, ಅದಕ್ಕೇ ಶಾಸನ ಓದಿಸಿತು ಎನ್ನುವವರಿದ್ದಾರೆ. ದತ್ತಿ ಶಾಸನಗಳ ಮಟ್ಟಿಗೆ ಒಪ್ಪೋಣ. ಆದರೆ ಸೊರಬದ ವೀರಗಲ್ಲುಗಳಿಂದ ಯಾವ ಕಂದಾಯ ಹುಟ್ಟೀತು? ತುರು ಬಿಡಿಸಲು ಹೋಗಿ ಸತ್ತ ಗೌಡನ ಹೆಸರು, ಸಲ್ಲೇಖನದಲ್ಲಿ ಪ್ರಾಣ ಬಿಟ್ಟ ಜೈನ ಹೆಂಗಸಿನ ನಿಸಿದಿ, ಇವು ಅಮಲ್ದಾರರ ಕಚೇರಿಗೆ ಕಾಸಿನ ಉಪಯೋಗಕ್ಕೂ ಬರುವಂಥವಲ್ಲ. ಅವಕ್ಕೂ ತಾಳಗುಂದದ ಕದಂಬ ಸ್ತಂಭಕ್ಕೂ ರೈಸರು ಒಂದೇ ರೀತಿಯಲ್ಲಿ ನಂಬರು ಕೊಟ್ಟಿದ್ದಾರೆ. ಪಂಡಿತರು ಓದಿಕೊಟ್ಟರು, ಸಾಹೇಬರು ಹೆಸರು ಪಡೆದರು ಎಂಬ ದೂರಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅದರಲ್ಲಿ ಹುರುಳಿದೆ. ಹಳಗನ್ನಡ, ಸಂಸ್ಕೃತ ಬಲ್ಲ ಇಲ್ಲಿಯ ವಿದ್ವಾಂಸರ ಕಣ್ಣಿಲ್ಲದೆ ಸುಮಾರು ಒಂಬತ್ತು ಸಾವಿರ ಶಾಸನ ಅಚ್ಚಾಗುತ್ತಿರಲಿಲ್ಲ. ಮುಂದೆ ಪುರಾತತ್ವ ಇಲಾಖೆಯಲ್ಲಿ ರೈಸರ ಕೈಕೆಳಗಿದ್ದ ಆರ್. ನರಸಿಂಹಾಚಾರ್ಯರೇ 1906ರಲ್ಲಿ ಅವರ ಜಾಗಕ್ಕೆ ಬಂದರು ಎಂಬಷ್ಟು ಸಮಾಧಾನ.

ಗಟ್ಟಿ ಆಕ್ಷೇಪಣೆ ಬೇರೆಯೇ ಇದೆ. ಜೆ.ಎಫ್. ಫ್ಲೀಟರು ಮಿಷನರಿಯ ಮನೆಯವರಲ್ಲ, ಮುಂಬಯಿ ಸರ್ಕಾರದ ಅಧಿಕಾರಿ. ಅವರೂ ಕನ್ನಡ ಶಾಸನಗಳಲ್ಲಿ ಮುಳುಗಿದವರೇ. ಹಾಗಿದ್ದಮೇಲೆ ಧರ್ಮದ ಮಾತು ಏಕೆ? ಇಬ್ಬರ ಜಗಳ ನೋಡಿದರೆ ತಿಳಿಯುತ್ತದೆ. ಗಂಗರ ತಾಮ್ರಪಟಗಳನ್ನು ಫ್ಲೀಟರು ಖೊಟ್ಟಿ ಎಂದರು, ರೈಸರು ಅವುಗಳ ಪರ ನಿಂತರು. ಚಂದ್ರಗುಪ್ತ ಮೌರ್ಯನೂ ಭದ್ರಬಾಹುವೂ ಶ್ರವಣಬೆಳಗೊಳಕ್ಕೆ ಬಂದರೆಂಬ ಜೈನರ ಮಾತನ್ನು ರೈಸರು ನಂಬಿದರು, ಫ್ಲೀಟರು ತಳ್ಳಿಹಾಕಿದರು. ಶಿವಮೊಗ್ಗದ ಪಕ್ಕದ ಕಲ್ಲೂರುಗುಡ್ಡದಲ್ಲಿ ಹನ್ನೆರಡನೆಯ ಶತಮಾನದ ಶಾಸನವೊಂದಿದೆ. ಗಂಗರ ಮೂಲವನ್ನು ಇಕ್ಷ್ವಾಕು ವಂಶಕ್ಕೇ ಒಯ್ದು, ಸಿಂಹನಂದಿ ಮುನಿಗಳ ಕೃಪೆಯಿಂದ ರಾಜ್ಯ ಬಂತೆಂದೂ ಮಾಧವನು ಒಂದೇ ಏಟಿಗೆ ಕಲ್ಲುಕಂಬ ಕತ್ತರಿಸಿದನೆಂದೂ ಹೇಳುತ್ತದೆ. ಫ್ಲೀಟರಂಥವರ ಪಾಲಿಗೆ ಇದು ಎಂಟು ಶತಮಾನ ತಡವಾಗಿ ಹೊಸೆದ ಕಟ್ಟುಕಥೆ. ರೈಸರು ಇದರೊಳಗೂ ಚರಿತ್ರೆಯ ಎಳೆಯಿದೆಯೆಂದು ಹಿಡಿದು ಎಳೆದರು. ಬರೆದಿಟ್ಟವನ ಮಾತನ್ನು ಮೊದಲು ನಂಬು, ಸಾಕ್ಷಿ ಸಿಕ್ಕಮೇಲೆ ಬಿಡು ಎಂಬುದು ಗ್ರಂಥವನ್ನು ಪೂಜ್ಯವೆಂದು ಓದಿ ಬೆಳೆದವರ ಸ್ವಭಾವ. ಅದರಿಂದ ತಾಮ್ರಪಟಗಳ ವಿಷಯದಲ್ಲಿ ಅವರು ಹಲವು ಸಲ ಸೋತರು. ಗಂಗರ ಹಳೆಯ ಪಟಗಳಲ್ಲಿ ಅನೇಕವು ಖೊಟ್ಟಿಯೇ ಎಂದು ಮುಂದಿನ ವಿದ್ವಾಂಸರೂ ಒಪ್ಪಿದ್ದಾರೆ. ಅದೇ ಸ್ವಭಾವದಿಂದಲೇ ಯಾವ ಊರಿನ ಯಾವ ಒಡಕು ಕಲ್ಲನ್ನೂ ಇದರಲ್ಲೇನಿದೆ ಎಂದು ಬದಿಗೆ ತಳ್ಳಲಿಲ್ಲ. ಅನುಮಾನದ ಮನುಷ್ಯ ಆರಿಸಿಕೊಳ್ಳುತ್ತಾನೆ, ನಂಬುವವನು ಎಲ್ಲವನ್ನೂ ಬಾಚಿಕೊಳ್ಳುತ್ತಾನೆ. ನಮ್ಮ ಪುಣ್ಯಕ್ಕೆ ಈ ಜಿಲ್ಲೆಗೆ ಬಂದದ್ದು ಎರಡನೆಯ ಜಾತಿಯವರು.

ಹಾಗಾದರೆ ರೈಸರನ್ನು ತಮ್ಮವರೆನ್ನುವವರು ಇಲ್ಲಿ ಯಾರು? ಶಿವಮೊಗ್ಗಕ್ಕೆ ಕಥೋಲಿಕ ಧರ್ಮಪ್ರಾಂತ್ಯ ಬಂದದ್ದು 1988ರಲ್ಲಿ. ಭದ್ರಾವತಿಯ ಕಾರ್ಮಿಕರ ನಡುವೆಯೂ ಕ್ರೈಸ್ತ ಕುಟುಂಬಗಳಿವೆ. ಪ್ರೊಟೆಸ್ಟಂಟ್ ಮನೆತನದ ರೈಸರನ್ನು ಅವರು ತಮ್ಮವರೆಂದು ಹೇಳಿಕೊಳ್ಳುವ ಕಾರಣವಿಲ್ಲ, ಉಳಿದವರಿಗೆ ಹೇಳಿಕೊಳ್ಳುವ ಮನಸ್ಸಿಲ್ಲ. ಶಾಸನ ಓದುವ ಜನ ಮಾತ್ರ ಇಂದಿಗೂ ಅವರು ಕೊಟ್ಟ ನಂಬರಿನಲ್ಲೇ ಕಲ್ಲನ್ನು ಕರೆಯುತ್ತಾರೆ: ತಾಳಗುಂದದ್ದು ಶಿಕಾರಿಪುರ 176, ಕೋಡಿಯಮಠದ್ದು ಶಿಕಾರಿಪುರ 102. ಈ ನಡುವೆ ಸರ್ಕಾರಗಳು ಗಡಿ ಬದಲಿಸಿವೆ. ಏಳನೆಯ ಸಂಪುಟದ ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆಗೆ ಸೇರಿವೆ. ಎಂಟನೆಯದರಲ್ಲಿ ನಗರ ಎಂದಿರುವುದು ಇಂದಿನ ಹೊಸನಗರದ ಸೀಮೆ. ಭದ್ರಾವತಿ ಎಂಬ ತಾಲ್ಲೂಕಂತೂ ಆ ಸಂಪುಟಗಳಲ್ಲಿ ಇಲ್ಲವೇ ಇಲ್ಲ. 1918ಕ್ಕಿಂತ ಹಿಂದಿನ ತಮ್ಮ ಊರು ಬೇಕೆನ್ನುವವರು ಶಿವಮೊಗ್ಗ ತಾಲ್ಲೂಕಿನ ಪುಟ ತೆರೆದು ಬೆಂಕಿಪುರ ಎಂಬ ಹಳೆಯ ಹೆಸರಿನಲ್ಲಿ ಹುಡುಕಬೇಕು.