ಮಾವಿನ ಹಲಗೆ

ಶ್ರೀನಿವಾಸಪುರದ ಸೀಮೆಯು ಮಾವಿಗೆ ಹೆಸರಾದುದಷ್ಟೆ. ಅಲ್ಲಿಯ ತೋಟದಲ್ಲಿ ದಿವಂಗತರಾದ ತಂದೆಯವರು ನೆಟ್ಟಿದ್ದ ಮರವೊಂದು ಗಾಳಿಗೆ ಉರುಳಿದಾಗ, ಕೋಲಾರದಲ್ಲಿ ನೆಲೆಸಿದ್ದ ಮಗಳು ಅದರ ಹಲಗೆಯನ್ನೇ ತನ್ನ ಹೊಸ ಅಡಿಗೆಮನೆಯ ಕಟ್ಟೆಗೆ ಹಾಸಿಸಬೇಕೆಂದು ನಿಶ್ಚಯಿಸಿದಳು.

ಬಡಗಿಯು ಒಪ್ಪಲಿಲ್ಲ. “ಮಾವು ನೀರಿಗೆ ತಾಳದಮ್ಮಾ, ಹುಳುವೂ ಬೇಗ ಹಿಡಿಯುತ್ತದೆ. ಲ್ಯಾಮಿನೇಟ್ ಹಾಕಿಸಿ, ಒರಸಿದರೆ ಸಾಕು” ಎಂದನು. ಆ ಮಾತು ಸುಳ್ಳಲ್ಲ. ರಾಳದಲ್ಲಿ ನೆನೆಸಿದ ಕಾಗದದ ಪದರಗಳನ್ನು ಶಾಖದಿಂದಲೂ ಒತ್ತಡದಿಂದಲೂ ಒಂದುಗೂಡಿಸಿದ ಆ ಹಾಳೆಯ ಮೈ ನೀರನ್ನು ಹೀರದು. ಆದರೆ ಅಂಚು ಬಿಟ್ಟು ನೀರು ಒಳಹೊಕ್ಕರೆ ಕೆಳಗಿನ ಹಲಗೆ ಉಬ್ಬುವುದು. ಕಾದ ಪಾತ್ರೆಯಿಂದಾದ ಸುಟ್ಟ ಗುರುತು ಅಳಿಯದು. ಮರದ ಗಾಯವನ್ನಾದರೋ ಉಜ್ಜಿ, ಎಣ್ಣೆ ಸವರಿ ಮಾಯಿಸಬಹುದು.

ನೆಲದ ಮೇಲೆ ಕುಳಿತು ಈಳಿಗೆಮಣೆಯಲ್ಲಿ ಹೆಚ್ಚಿ, ಒರಳಿನಲ್ಲಿ ರುಬ್ಬಿ ಬಾಳಿದ ಅತ್ತೆಯವರು ಈ ವಾದವನ್ನು ಕೇಳಿ ನಕ್ಕರು. “ಮರದ ಕೆಲಸ ಮರಕ್ಕೆ, ಕಲ್ಲಿನ ಕೆಲಸ ಕಲ್ಲಿಗೆ. ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರವೇ ತಾಯಿ?” ಎಂದರು.

ಕೋಲಾರದ ಬೆಟ್ಟಗಳನ್ನು ಕಂಡವರು ಇದಕ್ಕೆ ಮರುನುಡಿಯಾರು. ಒಲೆಯ ಬಳಿಗೂ ನೀರಿನ ತೊಟ್ಟಿಯ ಬಳಿಗೂ ಕಲ್ಲಿನ ಚಪ್ಪಡಿ ಬಂದಿತು. ವರ್ಷವೊಂದು ನೆರಳಿನಲ್ಲಿ ಒಣಗಿ ಎಣ್ಣೆ ಕುಡಿದ ಮಾವಿನ ಹಲಗೆಯು, ಕಿಟಕಿಯ ಕೆಳಗೆ ನೀರು ಸೋಕದ ಮೂಲೆಯಲ್ಲಿ ಮೂರಡಿ ಉದ್ದಕ್ಕೆ ಕುಳಿತಿತು. ಮಗಳು ಅದರ ಮೇಲೆಯೇ ಚಪಾತಿ ಲಟ್ಟಿಸುವಳು.

ಕಟ್ಟೆಯೆಲ್ಲವೂ ತಂದೆಯ ಮರವಾಗಲಿಲ್ಲವೆಂಬ ಕೊರಗು ಅವಳಿಗೆ ಕೆಲಕಾಲವಿದ್ದಿತು. ಎಲ್ಲೆಡೆಯೂ ಹಾಸಿದ್ದರೆ ನಾಲ್ಕು ಮಳೆಗಾಲಗಳಲ್ಲಿ ಅದು ಕೊಳೆತು ಹೋಗುತ್ತಿದ್ದಿತೆಂಬುದನ್ನು ಅರಿತಮೇಲೆ ಆ ಕೊರಗು ತಾನಾಗಿಯೇ ಇಳಿಯಿತು. ಪ್ರಿಯವಾದ ವಸ್ತುವಿಗೆ ತಕ್ಕ ಎಡೆಯನ್ನು ಹುಡುಕುವುದೂ ಪ್ರೀತಿಯೇ ಅಲ್ಲವೆ?