ನಾಲ್ಕು ಮನೆಗೊಂದು ಚೀಲ

ಅಮೆರಿಕದ ಸಗಟು ಅಂಗಡಿ ಕಾಸ್ಟ್‌ಕೋದಲ್ಲಿ ಸಾಮಾನು ಕೊಳ್ಳಬೇಕಾದರೆ ಮೊದಲು ಆ ಅಂಗಡಿಯ ಸದಸ್ಯರಾಗಬೇಕು. ವರ್ಷಕ್ಕೆ 65 ಡಾಲರ್ ಕಟ್ಟಿದರೆ ನಮ್ಮ ಫೋಟೋ ಇರುವ ಕಾರ್ಡು ಕೊಡುತ್ತಾರೆ. 130 ಕಟ್ಟಿದವರಿಗೆ ಕಪ್ಪು ಕಾರ್ಡು, ಕೊಂಡ ಬಹುಪಾಲು ಸಾಮಾನಿನ ಮೇಲೆ ವರ್ಷಕ್ಕೊಮ್ಮೆ ನೂರಕ್ಕೆ ಎರಡರಂತೆ ವಾಪಸು. ಊರಿಂದ ಹೊಸದಾಗಿ ಬಂದವರು ಇದನ್ನು ಕೇಳಿ, ಅಂಗಡಿಯ ಹೊಸ್ತಿಲು ದಾಟುವುದಕ್ಕೂ ದುಡ್ಡೇ ಎಂದು ಹುಬ್ಬೇರಿಸುತ್ತಾರೆ. ನನಗೆ ಇದು ಹೊಸದೆನಿಸಲಿಲ್ಲ. ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವರಿಗೆ ಮೆಂಬರ್ ಅನ್ನುವ ಮಾತು ದಿನಬಳಕೆಯದು.

ಅಲ್ಲಿ ಸೊಸೈಟಿ ಅಂದರೆ ತೋಟಗಾರ್ಸ್ ಸೊಸೈಟಿ, ಟಿ.ಎಸ್.ಎಸ್. 1923ರಲ್ಲಿ ಅಡಿಕೆ ಬೆಳೆಗಾರರು ಕೂಡಿ ಕಟ್ಟಿಕೊಂಡದ್ದು. ಅಪ್ಪ ಚಾಲಿ ಅಡಿಕೆಯನ್ನೋ ರಾಶಿ ಅಡಿಕೆಯನ್ನೋ ಚೀಲ ತುಂಬಿ ಒಯ್ದು, ಟೆಂಡರ್ ಮುಗಿದು ದರ ತಿಳಿಯುವವರೆಗೆ ಅಲ್ಲೇ ಪರಿಚಯದವರೊಡನೆ ಕವಳ ಹಾಕುತ್ತ ಕೂತು, ಆಮೇಲೆ ಕಿರಾಣಿ ವಿಭಾಗಕ್ಕೆ ಬಂದು ಮನೆಗೆ ಬೇಕಾದ್ದನ್ನೆಲ್ಲ ಬರೆಸುತ್ತಿದ್ದರು. ಅಡಿಕೆ ಕೊಟ್ಟ ಖಾತೆಯಲ್ಲೇ ಬೇಳೆ, ಎಣ್ಣೆ, ಸಕ್ಕರೆ. ಸೊಸೈಟಿಯ ಸದಸ್ಯನಿಗೂ ಕಾಸ್ಟ್‌ಕೋದ ಸದಸ್ಯನಿಗೂ ದೊಡ್ಡ ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು. ಅಲ್ಲಿ ಅಪ್ಪ ಷೇರುದಾರ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದಿತ್ತು. ಇಲ್ಲಿ ನನ್ನ ಕಾರ್ಡು ಕೊಡುವುದು ಬಾಗಿಲು ದಾಟುವ ಹಕ್ಕನ್ನು ಮಾತ್ರ. ಆದರೂ ಎರಡಕ್ಕೂ ಒಂದು ಒಳನಂಟಿದೆ. ಮೊದಲೇ ಒಂದಿಷ್ಟು ದುಡ್ಡು ಕೊಟ್ಟು ನಂಬಿದವರ ಪಟ್ಟಿ ಅಂಗಡಿಯ ಕೈಯಲ್ಲಿದೆ. ಆ ನಂಬಿಕೆ ಹೋದರೆ ಮುಂದಿನ ವರ್ಷ ಅವರು ಕಾರ್ಡು ಹೊಸ ಮಾಡಿಸುವುದಿಲ್ಲ.

ಈ ಬಗೆಯ ಅಂಗಡಿಯನ್ನು ಕಂಡುಹಿಡಿದವರು ಸಾಲ್ ಪ್ರೈಸ್. ವಲಸೆ ಬಂದ ಯಹೂದಿ ತಂದೆತಾಯಿಯ ಮಗ, ಸ್ಯಾನ್ ಡಿಯಾಗೋದಲ್ಲಿ ವಕೀಲ. 1954ರಲ್ಲಿ ಫೆಡ್‌ಮಾರ್ಟ್ ಅನ್ನುವ ಅಂಗಡಿ ತೆರೆದು ಸರ್ಕಾರಿ ನೌಕರರ ಕುಟುಂಬಗಳಿಗೆ ಎರಡು ಡಾಲರಿಗೆ ಸದಸ್ಯತ್ವ ಕೊಟ್ಟರು. ಮುಂದೆ ಆ ಕಂಪನಿಯನ್ನು ಕೊಂಡವರು ಅವರನ್ನೇ ಹೊರಗೆ ಹಾಕಿದರು. ಅರವತ್ತರ ಹೊಸ್ತಿಲಲ್ಲಿದ್ದ ಮನುಷ್ಯ ಸುಮ್ಮನೆ ಕೂರಲಿಲ್ಲ. 1976ರಲ್ಲಿ ಮಗ ರಾಬರ್ಟ್ ಜೊತೆ ಸೇರಿ ಅದೇ ಊರಿನ ಮೊರೇನಾ ಬುಲವಾರ್ಡ್‌ನಲ್ಲಿ, ಹಿಂದೆ ವಿಮಾನದ ಹ್ಯಾಂಗರ್ ಆಗಿದ್ದ ಕಟ್ಟಡದಲ್ಲಿ, ಪ್ರೈಸ್ ಕ್ಲಬ್ ಶುರು ಮಾಡಿದರು. ಮೊದಲು ಸಣ್ಣ ವ್ಯಾಪಾರಿಗಳಿಗೆ ಮಾತ್ರ ಪ್ರವೇಶ, ಶುಲ್ಕ 25 ಡಾಲರ್. ಅಷ್ಟರಿಂದಲೇ ಅಂಗಡಿ ನಡೆಯದು ಎಂದಾದಾಗ ಸರ್ಕಾರಿ ನೌಕರರಿಗೂ ಇತರ ಕೆಲವು ಸಂಘಗಳ ಸದಸ್ಯರಿಗೂ ಬಾಗಿಲು ತೆರೆಯಿತು. ವಿದ್ಯಾರ್ಥಿಯಾಗಿದ್ದಾಗ ಫೆಡ್‌ಮಾರ್ಟ್‌ನಲ್ಲಿ ಹಾಸಿಗೆ ಇಳಿಸುವ ಕೂಲಿಗೆ ಸೇರಿದ್ದ ಜಿಮ್ ಸಿನೆಗಲ್, ಜೆಫ್ ಬ್ರಾಟ್‌ಮನ್ ಜೊತೆಗೂಡಿ 1983ರಲ್ಲಿ ಸಿಯಾಟಲ್‌ನಲ್ಲಿ ಮೊದಲ ಕಾಸ್ಟ್‌ಕೋ ತೆರೆದರು. 1993ರಲ್ಲಿ ಗುರುವಿನ ಅಂಗಡಿ, ಶಿಷ್ಯನ ಅಂಗಡಿ ಎರಡೂ ಒಂದಾದವು.

ಪ್ರೈಸ್ ಅವರ ಮೂಲ ವಿಚಾರ ನನಗೆ ತುಂಬ ಹಿಡಿಸಿದೆ. ವಕೀಲನಿಗೆ ಕಕ್ಷಿದಾರನ ಬಗ್ಗೆ ಎಂಥ ಹೊಣೆಯಿದೆಯೋ ಅಂಥದೇ ಹೊಣೆ ಅಂಗಡಿಯವನಿಗೆ ಗಿರಾಕಿಯ ಬಗ್ಗೆ ಇದೆ ಎಂದು ಅವರು ನಂಬಿದ್ದರು. ಗಿರಾಕಿಯ ಪರವಾಗಿ ಕೊಳ್ಳುವವನು ತಾನು, ಗಿರಾಕಿಗೆ ಮಾರುವವನಲ್ಲ ಎಂಬ ನಿಲುವು. ಆ ನಿಲುವಿನ ಗುರುತು ಇಂದಿಗೂ ಕಾಸ್ಟ್‌ಕೋದ ದರದಲ್ಲಿ ಉಳಿದಿದೆ: ಬೇರೆ ಕಂಪನಿಯ ಸಾಮಾನಿನ ಮೇಲೆ ನೂರಕ್ಕೆ ಸುಮಾರು 14, ತಮ್ಮದೇ ಕಿರ್ಕ್‌ಲ್ಯಾಂಡ್ ಹೆಸರಿನ ಸಾಮಾನಿನ ಮೇಲೆ 15, ಅದಕ್ಕಿಂತ ಹೆಚ್ಚು ಲಾಭ ಇಡುವಂತಿಲ್ಲ ಎಂದು ತಾವೇ ಹಾಕಿಕೊಂಡ ಕಟ್ಟುಪಾಡು. ಹಾಗಾದರೆ ಅಂಗಡಿ ಬದುಕುವುದು ಯಾವುದರಿಂದ? ಹೆಚ್ಚಿನ ಪಾಲು ಕಾರ್ಡಿನಿಂದ. 2024ರ ಲೆಕ್ಕದ ವರ್ಷದಲ್ಲಿ ನಿವ್ವಳ ಲಾಭ ಸುಮಾರು 737 ಕೋಟಿ ಡಾಲರ್. ಸದಸ್ಯತ್ವದ ಶುಲ್ಕದಿಂದ ಬಂದದ್ದೇ ಸುಮಾರು 483 ಕೋಟಿ. ಬೇಳೆಯ ಬೆಲೆಯಲ್ಲಿ ಬಚ್ಚಿಟ್ಟು ತೆಗೆದುಕೊಳ್ಳುವುದರ ಬದಲು ಬಾಗಿಲಲ್ಲೇ ಎದುರಿಗೆ ಕೇಳಿ ತೆಗೆದುಕೊಂಡರು ಎಂದಾಯಿತು. ವ್ಯಾಪಾರದಲ್ಲಿ ಇಷ್ಟು ನೇರವಾಗಿ ನಡೆದುಕೊಳ್ಳುವವರು ಅಪರೂಪ.

ಒಳಗೆ ಹೋದರೆ ಅಲಂಕಾರವೇನೂ ಇಲ್ಲ. ನೆಲಕ್ಕೆ ಬರಿಯ ಸಿಮೆಂಟು, ತಲೆಯ ಮೇಲೆ ತಗಡಿನ ಸೂರು, ಮಧ್ಯೆ ಉಕ್ಕಿನ ಅಟ್ಟಣಿಗೆ. ಸಾಮಾನು ಲಾರಿಯಿಂದ ಇಳಿದ ಮರದ ಪ್ಯಾಲೆಟ್ ಮೇಲೆಯೇ ಮಾರಾಟಕ್ಕೆ ನಿಲ್ಲುತ್ತದೆ. ಯಾವ ಓಣಿಯಲ್ಲಿ ಏನಿದೆ ಎಂದು ತೋರಿಸುವ ಫಲಕವಿಲ್ಲ, ಹುಡುಕುತ್ತ ಹೋಗಬೇಕು. ಉಳಿದ ದೊಡ್ಡ ಅಂಗಡಿಗಳು ಹತ್ತಾರು ಸಾವಿರ ಬಗೆ ಇಟ್ಟರೆ ಇಲ್ಲಿ ಸುಮಾರು ನಾಲ್ಕು ಸಾವಿರ. ಅವರ ಕಡೆ ಟೊಮೇಟೊ ಸಾಸಿಗೆ ಒಂದು ಗೋಡೆಯೇ ಇರುತ್ತದೆ; ಇಲ್ಲಿ ಒಂದೋ ಎರಡೋ, ಅದೂ ದೊಡ್ಡ ಅಳತೆಯಲ್ಲಿ ಮಾತ್ರ. ಸಣ್ಣದು ಬೇಕೆಂದು ಬಂದವನು ಬರಿಗೈಯಲ್ಲಿ ಹೋದರೆ ಹೋಗಲಿ, ಆ ನಷ್ಟವನ್ನು ತಿಳಿದೇ ಒಪ್ಪಿಕೊಳ್ಳಬೇಕು ಎನ್ನುವುದೂ ಪ್ರೈಸ್ ಅವರ ಪಾಠ. ಕೆಲಸ ಮುಗಿಸಿ ತಲೆ ಬಿಸಿಯಾಗಿರುವ ಸಂಜೆ, ಆರಿಸುವ ಹೊಣೆಯನ್ನು ಬೇರೊಬ್ಬರು ಹೊತ್ತುಕೊಂಡಿದ್ದಾರೆ ಅನ್ನುವುದೇ ದೊಡ್ಡ ಸಮಾಧಾನ.

ಅಮ್ಮ, ನಮ್ಮ ಕಡೆಯ ಮಾತಿನಲ್ಲಿ ಆಯಿ, ಇಲ್ಲಿಗೆ ಬಂದಾಗ ಅವಳನ್ನು ಕ್ಯಾಲಿಫೋರ್ನಿಯಾದ ಸನಿವೇಲಿನ ಕಾಸ್ಟ್‌ಕೋಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನ ಸಾಲಿನಲ್ಲಿ ನಿಂತು ಅಕ್ಕಪಕ್ಕದ ಗಾಡಿಗಳನ್ನು ನೋಡುತ್ತ ಕೇಳಿದಳು: “ಇದೆಂತದಾ ತಮಾ, ಯಾರ ಮನೆ ಮದ್ವೆಗೆ?” ಹತ್ತು ಪೌಂಡಿನ ಈರುಳ್ಳಿ ಚೀಲ, ಐದು ಪೌಂಡಿನ ನಿಂಬೆಹಣ್ಣಿನ ಬಲೆ, ಎರಡೆರಡು ಗ್ಯಾಲನ್ ಹಾಲು. ಮನೆಯಲ್ಲಿ ಎಷ್ಟು ಜನ ಎಂದು ಆ ಗಾಡಿಗಳ ಯಜಮಾನರನ್ನು ಕೇಳಿದ್ದರೆ ಮೂರು ಅಥವಾ ನಾಲ್ಕು ಅನ್ನುತ್ತಿದ್ದರು.

ದೊಡ್ಡದಾಗಿ ಕೊಳ್ಳುವುದು ಆಯಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಮಲೆನಾಡಿನ ಮನೆಗೆ ಮೇ ತಿಂಗಳು ಅಂದರೆ ಮಳೆಗಾಲದ ಸಾಮಾನು ಒಟ್ಟು ಮಾಡುವ ಕಾಲ. ಮಳೆ ಹಿಡಿದರೆ ಹಳ್ಳ ಏರುತ್ತದೆ, ಅದನ್ನು ದಾಟುವ ಸಂಕ ಮುಳುಗುತ್ತದೆ, ಪೇಟೆಯ ಮಾತು ಬಿಟ್ಟುಬಿಡಬೇಕು. ಅಷ್ಟರೊಳಗೆ ಅಕ್ಕಿ ಮೂಟೆ, ಉಪ್ಪು, ಒಣಮೆಣಸು ಅಟ್ಟ ಸೇರಬೇಕು. ಹಲಸಿನ ಹಪ್ಪಳ ಒಣಗಿ ಡಬ್ಬಿಗೆ ಬೀಳಬೇಕು. ಅಪ್ಪೆಮಿಡಿ ಉಪ್ಪಿನಲ್ಲಿ ಮುಳುಗಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿಸಿಕೊಳ್ಳಬೇಕು. ಜೋನಿಬೆಲ್ಲದ ತಗಡಿನ ಡಬ್ಬಗಳು ಗೋಡೆಗೆ ಒರಗಿ ಕೂತಿರುತ್ತಿದ್ದವು. ಮೊಗೆಕಾಯಿಗಳನ್ನು ಒಂದೊಂದಾಗಿ ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಯಿಂದ ತೂಗುಬಿಡುತ್ತಿದ್ದರು, ಒಂದಕ್ಕೊಂದು ತಾಗದ ಹಾಗೆ. ತಾಗಿದ ಕಡೆಯಿಂದಲೇ ಕೊಳೆ ಶುರುವಾಗುತ್ತದೆ. ದಿನಾ ಬೆಳಿಗ್ಗೆ ಅಜ್ಜಿ ಕೋಲು ಹಿಡಿದು ಅವುಗಳ ಕೆಳಗೆ ನಡೆದು, ಮೆತ್ತಗಾದದ್ದನ್ನು ಗುರುತಿಸಿ ಆ ದಿನದ ಹುಳಿಗೆ ಇಳಿಸುತ್ತಿದ್ದಳು. ಅಷ್ಟು ಸಾಮಾನಿಗೆ ತಕ್ಕ ಬಾಯಿಗಳೂ ಮನೆಯಲ್ಲಿದ್ದವು: ದೊಡ್ಡಪ್ಪ, ಚಿಕ್ಕಪ್ಪಂದಿರು, ಅವರ ಮಕ್ಕಳು, ತೋಟದ ಕೆಲಸದವರು, ಮಳೆಗೆ ಸಿಕ್ಕಿ ಉಳಿದ ನೆಂಟರು.

ಇಲ್ಲಿ ಸಂಕ ಮುಳುಗುವುದಿಲ್ಲ, ಅಂಗಡಿ ಹತ್ತು ನಿಮಿಷದ ದಾರಿ. ಚೀಲ ಮಾತ್ರ ಆ ದೊಡ್ಡ ಮನೆಯ ಅಳತೆಯದೇ. ಅಮೆರಿಕದವರು ಅದಕ್ಕೆ ಗ್ಯಾರೇಜಿನಲ್ಲಿ ಅಟ್ಟಣಿಗೆ ಹಾಕಿ, ಎರಡನೆಯ ಫ್ರಿಜ್ ಇಟ್ಟು ಜಾಗ ಮಾಡಿಕೊಂಡರು. ನಾವು ಹಂಚಿಕೊಳ್ಳುವ ದಾರಿ ಹಿಡಿದೆವು. ನಮ್ಮ ಅಪಾರ್ಟ್‌ಮೆಂಟ್ ಆವರಣದಲ್ಲಿ ಕನ್ನಡದ ನಾಲ್ಕು ಮನೆಗಳಿವೆ: ನಮ್ಮದು, ದಾವಣಗೆರೆಯವರದು, ಮಂಗಳೂರಿನ ದಂಪತಿಯದು, ಮತ್ತು ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುವ ಮೂವರು ಹುಡುಗರ ಬಾಡಿಗೆಯ ಬಿಡಾರ. ಕಾರ್ಡನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಕೊಂಡು ತಂದದ್ದನ್ನು ಹಂಚಿಕೊಳ್ಳಬಾರದೆಂದು ಯಾರೂ ಹೇಳಿಲ್ಲ. ಭಾನುವಾರ ಸಂಜೆ ಕಾರಿನಿಂದ ರಟ್ಟಿನ ಪೆಟ್ಟಿಗೆಗಳು ಇಳಿಯುತ್ತವೆ. ಕಾಸ್ಟ್‌ಕೋ ಕೈಚೀಲ ಕೊಡುವುದಿಲ್ಲ, ಸಾಮಾನು ಬಂದ ಖಾಲಿ ಪೆಟ್ಟಿಗೆಯಲ್ಲೇ ನಮ್ಮದನ್ನೂ ತುಂಬಿ ಕಳಿಸುತ್ತದೆ. ನಮ್ಮ ಊಟದ ಮೇಜಿನ ಮೇಲೆ ತೂಕದ ಯಂತ್ರ. ಇಪ್ಪತ್ತು ಪೌಂಡಿನ ಬಾಸುಮತಿ ಅಂದರೆ ಒಂಬತ್ತು ಕಿಲೋ. ಮಂಗಳೂರಿನವರಿಗೆ ಅದು ಬೇಡ, ಅವರದು ಕುಚ್ಚಲಕ್ಕಿ. ಅವರ ಪಾಲಿಗೆ ಗೋಡಂಬಿ ಜಾಸ್ತಿ. ಹುಡುಗರಿಗೆ ಈರುಳ್ಳಿ, ಬಾಳೆಹಣ್ಣು, ಹಾಲು.

ಈ ಹುಡುಗರ ವಿಷಯ ಹೇಳಲೇಬೇಕು. ಸಗಟಿನ ಅಗ್ಗ ದಕ್ಕುವುದು ಕಾರು, ಜಾಗ, ಒಮ್ಮೆಗೇ ನೂರಿನ್ನೂರು ಡಾಲರ್ ಇಡಬಲ್ಲ ಕೈ ಇದ್ದವರಿಗೆ. ಬಸ್ಸಿನಲ್ಲಿ ಓಡಾಡಿ, ಒಂದು ಕೋಣೆಯಲ್ಲಿ ಇಬ್ಬರು ಮಲಗಿ, ಫ್ರಿಜ್ಜಿನ ಒಂದೇ ತಟ್ಟೆ ತನ್ನದೆಂದು ಎಣಿಸುವವನು ಅದೇ ಹಾಲಿಗೆ ಬೀದಿ ಮೂಲೆಯ ಅಂಗಡಿಯಲ್ಲಿ ಹೆಚ್ಚು ಕೊಡುತ್ತಾನೆ. ನಮ್ಮೂರಿನ ಸಣ್ಣ ಅಂಗಡಿಯಲ್ಲಿ ಕೂಲಿಯವರು ಐವತ್ತು ಗ್ರಾಂ ಚಹಾಪುಡಿ ಪೊಟ್ಟಣ ಕಟ್ಟಿಸುವುದನ್ನು ನೋಡಿದ್ದೇನೆ. ಕಿಲೋ ಲೆಕ್ಕ ಹಾಕಿದರೆ ಅವರು ಕೊಟ್ಟದ್ದು ನಮ್ಮ ಅಪ್ಪ ಸೊಸೈಟಿಯಲ್ಲಿ ಕೊಟ್ಟದ್ದಕ್ಕಿಂತ ಯಾವಾಗಲೂ ಹೆಚ್ಚೇ. ಬಡವನಿಗೆ ಸಣ್ಣ ಪೊಟ್ಟಣ ದುಬಾರಿ ಅನ್ನುವ ಈ ಅನ್ಯಾಯ ಎರಡೂ ದೇಶದಲ್ಲಿದೆ. ಆದ್ದರಿಂದ ಹುಡುಗರಿಗೆ ನಾವು ಬಿಲ್ಲಿನ ದರಕ್ಕೇ ತೂಗಿ ಕೊಡುತ್ತೇವೆ. ಅವರು ಚಿಲ್ಲರೆ ದುಡ್ಡು ಫೋನಿನಲ್ಲಿ ಕಳಿಸುತ್ತಾರೆ, ಪೆಟ್ಟಿಗೆಗಳನ್ನು ಮೇಲಿನ ಮಹಡಿಗೆ ಹೊರುವುದೂ ಅವರೇ.

ಈ ಹಂಚಿಕೆಯಿಂದ ಹೆಚ್ಚು ಪಡೆದವಳು ಆಯಿ. ಮಕ್ಕಳನ್ನು ನೋಡಲು ಬರುವ ತಂದೆತಾಯಿಗೆ ಸಾಮಾನ್ಯವಾಗಿ ಆರು ತಿಂಗಳ ಅವಕಾಶ ಸಿಗುತ್ತದೆ. ಕಾರು ಓಡಿಸಲು ಬಾರದು, ಬೀದಿಯಲ್ಲಿ ಮಾತಾಡಿಸುವವರಿಲ್ಲ. ನಾವು ಕೆಲಸಕ್ಕೆ ಹೋದ ಮೇಲೆ ಆ ಆರು ತಿಂಗಳ ಒಂದೊಂದು ಮಧ್ಯಾಹ್ನವೂ ಉದ್ದ. ಐದು ಪೌಂಡಿನ ನಿಂಬೆಹಣ್ಣು ಹಂಚುವಾಗ ದಾವಣಗೆರೆಯವರ ಮನೆಯ ಅಮ್ಮನೂ ಮೇಜಿಗೆ ಬಂದರು. ಹಣ್ಣಿನ ಸಿಪ್ಪೆಯನ್ನು ಉಗುರಿನಿಂದ ಒತ್ತಿ ನೋಡಿ, “ಇದು ದಪ್ಪ ಸಿಪ್ಪಿ ಆತ್ರಿ, ಉಪ್ಪಿನಾಗ ಭಾಳ ದಿನ ಇಡಬೇಕು” ಅಂದರು. ಆಯಿ ಒಪ್ಪಲಿಲ್ಲ, ಹಬೆಯಲ್ಲಿ ಬೇಯಿಸಿಬಿಟ್ಟರೆ ಸಿಪ್ಪೆ ಮೆತ್ತಗಾಗುತ್ತದೆ ಎಂದಳು. ಹಣ್ಣು ಎರಡು ಪಾಲಾಯಿತು, ಎರಡು ಬಗೆಯ ಉಪ್ಪಿನಕಾಯಿಯಾಯಿತು. ಮರುದಿನದಿಂದ ಇಬ್ಬರೂ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಇನ್ನೊಬ್ಬರು.

ಬೆಣ್ಣೆಯ ಕೆಲಸವನ್ನೂ ಅವರೇ ವಹಿಸಿಕೊಂಡರು. ಕಿರ್ಕ್‌ಲ್ಯಾಂಡಿನ ಉಪ್ಪಿಲ್ಲದ ಬೆಣ್ಣೆ ನಾಲ್ಕು ಪೌಂಡಿನ ಕಟ್ಟಿನಲ್ಲಿ ಬರುತ್ತದೆ, ಪೌಂಡಿಗೆ ನಾಲ್ಕು ತುಂಡು. ಅಮೆರಿಕದಲ್ಲಿರುವ ಎಷ್ಟೋ ಭಾರತೀಯರ ಮನೆಯ ತುಪ್ಪ ಈ ಕಟ್ಟಿನಿಂದಲೇ. ಆಯಿ ಪ್ರತಿ ತುಂಡಿನ ಕಾಗದ ಬಿಡಿಸಿ, ಅಂಟಿದ್ದನ್ನು ಚಮಚದ ಹಿಂಬದಿಯಿಂದ ಗೀರಿ ಪಾತ್ರೆಗೆ ಹಾಕುವಳು. ಸಣ್ಣ ಉರಿ. ಮೊದಲು ನೊರೆ, ಆಮೇಲೆ ಚಟಪಟ ಸದ್ದು, ಸದ್ದು ನಿಲ್ಲುತ್ತ ಬಂದಾಗ ತಳದಲ್ಲಿ ಕಂದು ಗಸಿ ಕಾಣುತ್ತದೆ. ಆ ಗಳಿಗೆಗೆ ಒಲೆ ಆರಿಸಿ ಒಂದು ವೀಳ್ಯದೆಲೆ ಹರಿದು ಹಾಕಬೇಕು. ಗಸಿಯನ್ನು ಬಿಸಿ ಅನ್ನಕ್ಕೆ ಕಲಸಿ ಹುಡುಗರಿಗೆ ಬಡಿಸಿದ್ದು ದಾವಣಗೆರೆಯ ಅಮ್ಮ.

ಊರಿಗೆ ಹೊರಡುವಾಗ ಆಯಿಯ ಪೆಟ್ಟಿಗೆಯಲ್ಲಿ ಮೂರು ಪೌಂಡಿನ ಬಾದಾಮಿ ಚೀಲಗಳು ಸೇರಿದವು. ಲೋಕದ ಬಾದಾಮಿಯ ಬಹುಪಾಲು ಬೆಳೆಯುವುದೇ ಕ್ಯಾಲಿಫೋರ್ನಿಯಾದಲ್ಲಿ. ವಿಮಾನದವರ 23 ಕಿಲೋ ಮಿತಿಗೆ ಹೊಂದಿಸಲು ಮತ್ತೆ ಅದೇ ತೂಕದ ಯಂತ್ರ ಮೇಜು ಹತ್ತಿತು. ಶಿರಸಿಗೆ ಹೋಗಿ ಆ ಚೀಲಗಳನ್ನು ಬಿಚ್ಚಿ ನಾದಿನಿಗೆ, ತಂಗಿಗೆ, ಪಕ್ಕದ ಮನೆಗೆ ಅಳೆದು ಕೊಟ್ಟಳಂತೆ.

ಹುಡುಗರಲ್ಲಿ ಒಬ್ಬನಿಗೆ ಓದು ಮುಗಿದು ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿದೆ. ಸಂಬಳ ಬಂದ ಕೂಡಲೇ ಕಾಸ್ಟ್‌ಕೋ ಕಾರ್ಡು ಮಾಡಿಸಿದ. ಮೊನ್ನೆ ಫೋನು ಮಾಡಿ, ಹಾಸನದವರದೊಂದು ಮನೆ, ಹುಬ್ಬಳ್ಳಿಯ ಇಬ್ಬರು ವಿದ್ಯಾರ್ಥಿಗಳು ಸಿಕ್ಕಿದ್ದಾರೆ, ಇನ್ನೊಂದು ಮನೆ ಸಿಕ್ಕರೆ ಅಕ್ಕಿ ಚೀಲ ಸರಿಹೋಗುತ್ತದೆ, ಅಲ್ಲಿ ನಿಮಗೆ ಗೊತ್ತಿದ್ದವರು ಯಾರಾದರೂ ಇದ್ದಾರಾ ಅಣ್ಣ, ಎಂದು ಕೇಳಿದ. ಇದ್ದಾರೆ, ಸಾಗರದವರು. ನಂಬರು ಕಳಿಸಿದೆ.